ಹುಳದ ಮನೆಯ ತಂಗಾಳಿ

ತೊಂಬತ್ತೊಂದು. ತೊಂಬತ್ತೆರಡು. ಮತ್ತೆ ತೊಂಬತ್ತೊಂದು.

ಪರದೆಯ ಮೂಲೆಯಲ್ಲಿ ಮಿನುಗುತ್ತಿದ್ದ ಆ ಅಂಕಿಯಿಂದ ಪವಿತ್ರಳಿಗೆ ಕಣ್ಣು ಕೀಳಲಾಗುತ್ತಿರಲಿಲ್ಲ. ಅದು ಪ್ರೊಸೆಸರಿನ ಬಿಸಿ. ತೊಂಬತ್ತೈದು ದಾಟಿತೋ, ಕಂಪ್ಯೂಟರು ತನ್ನ ಜೀವ ಉಳಿಸಿಕೊಳ್ಳಲು ತಾನಾಗಿಯೇ ನಿಧಾನವಾಗುತ್ತದೆ. ನೂರು ಮುಟ್ಟಿತೋ, ಹೇಳದೆ ಕೇಳದೆ ಆರಿಹೋಗುತ್ತದೆ. ನಿನ್ನೆ ಶನಿವಾರ ಹಾಗೆ ಆರಿಹೋಗಿ ಅವಳನ್ನು ಅಳುವಂತೆ ಮಾಡಿತ್ತು. ಇವತ್ತು ಸಂಜೆ ಆರರವರೆಗೆ ಅದು ಆರಬಾರದು. ಇನ್ನೂ ತಿಂಡಿಯ ಹೊತ್ತು. ಬಿಸಿಲು ಏರುವುದಕ್ಕೆ ಮೊದಲೇ ಈ ಪಾಡು.

ಬೆಂಗಳೂರಿನ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. ಇನ್ನೂ ಕಟ್ಟದೇ ಇರುವ ಮನೆಗಳ ಒಳಗೆ ನಡೆದಾಡಿ ಬಂದಂತೆ ತೋರಿಸುವ ವಿಡಿಯೋ ಮಾಡುವುದು. ಅದಕ್ಕಾಗಿ ದಿನಾ ಮೇಲೂರಿನಿಂದ ಮೊದಲ ಬಸ್ಸು ಹತ್ತಬೇಕು. ತಿರುಗಿ ಬರುವಷ್ಟರಲ್ಲಿ ಆರು ವರ್ಷದ ಮಗಳು ಶಿರೀಷಾ ಉಂಡು ತೂಕಡಿಸುತ್ತಿರುತ್ತಾಳೆ. ಒಂದು ದಿನ ಶಾಲೆಯಲ್ಲಿ "ನಿಮ್ಮಮ್ಮ ಎಲ್ಲಿರ್ತಾರೆ?" ಎಂದು ಕೇಳಿದ್ದಕ್ಕೆ ಮಗು "ಬಸ್ಸಲ್ಲಿ" ಅಂದಿತಂತೆ. ಟೀಚರು ಅದನ್ನು ನಗುನಗುತ್ತಾ ಹೇಳಿದರು. ಪವಿತ್ರಳೂ ನಗಲು ನೋಡಿದಳು, ಆಗಲಿಲ್ಲ. ಅಲ್ಲಿಂದ ಮುಂದೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ತನ್ನ ಮೇಲಧಿಕಾರಿ ಭಾನುಪ್ರಕಾಶ್‌ನ ಬೆನ್ನು ಹತ್ತಿದ್ದಳು.

ಶುಕ್ರವಾರ ಅವನು ಕೊನೆಗೂ ಬಾಗಿದ್ದ, ಅದೂ ಪೂರ್ತಿಯಲ್ಲ. "ನಿಮ್ಮ ಮನೆ ಸಿಸ್ಟಮ್ಮು ಈ ಲೋಡು ತಡೆಯುತ್ತಾ ಪವಿತ್ರ? ಬಾಯಲ್ಲಿ ಹೇಳ್ಬೇಡಿ, ಮಾಡಿ ತೋರ್ಸಿ. ಈ ವಿಲ್ಲಾ ವಿಡಿಯೋ ಭಾನುವಾರ ಸಂಜೆ ಆರಕ್ಕೆ ಬಂದ್ರೆ ಸೋಮವಾರದಿಂದ ಮನೇಲೇ ಇರಿ. ಬರ್ಲಿಲ್ಲ ಅಂದ್ರೆ ಆ ಮಾತು ಮತ್ತೆ ಎತ್ಬಾರ್ದು."

ಅವಳ ಕಂಪ್ಯೂಟರು ಒಬ್ಬರು ಬಳಸಿ ಬಿಟ್ಟದ್ದು. ಮಾಮೂಲಿ ವೇಗದಲ್ಲಿ ಓಡಿಸಿದರೆ ವಿಡಿಯೋದ ಚಿತ್ರಗಳೆಲ್ಲ ಮುಗಿಯುವುದು ರಾತ್ರಿ ಊಟದ ಹೊತ್ತಿಗೆ. ಆರಕ್ಕೆ ಮುಗಿಯಬೇಕೆಂದರೆ ಪ್ರೊಸೆಸರನ್ನು ಅದಕ್ಕೆ ಗೊತ್ತುಮಾಡಿದ ವೇಗಕ್ಕಿಂತ ಮೇಲೆ ಓಡಿಸಬೇಕು. ಓವರ್‌ಕ್ಲಾಕ್. ಕೀಲಿ ತಿರುಗಿಸಿದಷ್ಟು ಸುಲಭ ಅದು. ಎಷ್ಟು ವೇಗ ಬೇಕೋ ಅಷ್ಟು ಕೊಡಬಹುದು, ಆದರೆ ಕೊಟ್ಟ ವೇಗಕ್ಕೆಲ್ಲ ಬಿಸಿ ಏರುತ್ತದೆ. ಆ ಬಿಸಿಯನ್ನು ಹೊರಗೆ ಹಾಕಲಾಗದಿದ್ದರೆ ವೇಗವೆಲ್ಲ ಗಾಳಿಗೆ.

ಶನಿವಾರ ಇಡೀ ದಿನ ಅದೇ ಕೆಲಸವಾಗಿತ್ತು. ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದರೆ ಪ್ರೊಸೆಸರಿಗೂ ಅದರ ಮೇಲಿನ ಕೂಲರಿಗೂ ನಡುವೆ ಬಳಿದಿದ್ದ ಪೇಸ್ಟು ಒಣಗಿದ ಸಗಣಿಯ ಹಾಗೆ ಬಿರುಕು ಬಿಟ್ಟಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದಳು. ಗಂಡ ಸುನೀಲ್‌ಕುಮಾರ್ ಹಾಲಿನ ಡೈರಿಯ ತಂಪು ಮಾಡುವ ಕೇಂದ್ರದಲ್ಲಿ ಕೆಲಸ ಮಾಡುವವನು. ಚಿಕ್ಕಬಳ್ಳಾಪುರಕ್ಕೆ ಹೋಗಿ ಹೊಸ ಪೇಸ್ಟನ್ನೂ, ತಾಮ್ರದ ಕೊಳವೆಗಳಿಗೆ ತೆಳು ತಗಡುಗಳನ್ನು ಒತ್ತೊತ್ತಾಗಿ ಪೋಣಿಸಿದ ಗೋಪುರದಂಥ ಕೂಲರನ್ನೂ ತಂದುಕೊಟ್ಟ. ವೋಲ್ಟೇಜು ಹೆಚ್ಚಾದಷ್ಟೂ ಬಿಸಿ ಹೆಚ್ಚು. ಹಾಗಾಗಿ ಅದನ್ನು ಒಂದೊಂದೇ ಎಳೆ ಇಳಿಸುತ್ತಾ, ಇಳಿಸಿದಾಗಲೆಲ್ಲ ಓಡಿಸಿ ನೋಡುತ್ತಾ, ಕಂಪ್ಯೂಟರು ಎಲ್ಲಿಯವರೆಗೆ ತಡೆಯುತ್ತದೋ ಅಲ್ಲಿಗೆ ತಂದಳು. ಅಷ್ಟು ಮಾಡಿಯೂ ತೊಂಬತ್ತೊಂದು.

"ಎಷ್ಟಿದೆ ಈಗ ಜ್ವರ?" ಬಾಗಿಲಲ್ಲಿ ಅತ್ತೆ ಅಮ್ಮಾಜಮ್ಮ ನಿಂತಿದ್ದರು. ಒಳಗೆ ಬರಲಿಲ್ಲ. ಸ್ಪಿರಿಟ್ಟಿನ ವಾಸನೆ ಬಂದ ಕೋಣೆಗೆ ನಿನ್ನೆಯಿಂದ ಅವರು ಕಾಲಿಟ್ಟಿರಲಿಲ್ಲ. ರೇಷ್ಮೆಹುಳು ಸಾಕುವವರ ಮನೆಯಲ್ಲಿ ವಾಸನೆ ಎಂದರೆ ವೈರಿ. ಸೊಳ್ಳೆ ಬತ್ತಿ ಇಲ್ಲ, ಊದುಬತ್ತಿ ಇಲ್ಲ, ಮೈಗೆ ಸೆಂಟಿಲ್ಲ. ಹುಳದ ಮನೆಗೆ ಹೋಗುವುದಕ್ಕೆ ಮುಂಚೆ ಕೈಕಾಲಿಗೆ ಬ್ಲೀಚಿಂಗ್ ನೀರು. ಸ್ಪಿರಿಟ್ ಮುಟ್ಟಿದವಳು ಎಂದು ಸೊಸೆಗೆ ಅಲ್ಲಿಗೆ ಬಹಿಷ್ಕಾರ ಬಿದ್ದಿತ್ತು.

"ತೊಂಬತ್ತೆರಡು ಅತ್ತೆ."

"ನಮ್ಮ ಹುಳಕ್ಕೆ ಇಪ್ಪತ್ತೆಂಟು ಆದ್ರೇನೆ ನಂಗೆ ಊಟ ಸೇರಲ್ಲ. ನೀನು ತೊಂಬತ್ತು ಇಟ್ಕೊಂಡು ಕೂತಿದ್ದೀಯ. ಇಡ್ಲಿ ಆರೋಯ್ತು, ತಿನ್ನು ಬಾಮ್ಮ."

"ಬರ್ತೀನಿ ಅತ್ತೆ, ಒಂದೈದು ನಿಮಿಷ."

"ನಿನ್ನ ಐದು ನಿಮಿಷ ನಂಗೊತ್ತು," ಎಂದು ಅವರು ತಟ್ಟೆಯನ್ನು ಹೊಸ್ತಿಲ ಒಳಗೆ ತಳ್ಳಿ ಹೋದರು.

ಹೊತ್ತೇರಿದಂತೆ ಅವಳು ಹೆದರಿದ್ದೇ ಆಯಿತು. ಮೇಲಿನ ಶೀಟು ಕಾದು ಕೋಣೆ ಒಲೆಯಾಯಿತು. ಕೂಲರು ಎಷ್ಟೇ ದೊಡ್ಡದಿದ್ದರೂ ಅದು ಬೀಸುವುದು ಕೋಣೆಯ ಗಾಳಿಯನ್ನೇ ತಾನೆ? ಬೆಂಕಿಯಂಥ ಗಾಳಿಯನ್ನು ಎಳೆದು ಬೆಂಕಿಯ ಮೇಲೆ ಬಿಟ್ಟಂತೆ. ಡಬ್ಬದ ಒಂದು ಬದಿಯ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಳು. ತೊಂಬತ್ನಾಲ್ಕಕ್ಕೆ ಬಂದು ನಿಂತ ಅಂಕಿ, ಫ್ಯಾನನ್ನು ಅಣಕಿಸುವಂತೆ ತೊಂಬತ್ತಾರಕ್ಕೆ ಹತ್ತಿತು. ಓಟ ತಾನಾಗಿಯೇ ಕುಂಟತೊಡಗಿತು. ಮುಗಿಯುವ ಹೊತ್ತನ್ನು ತೋರಿಸುವ ಸಾಲು ಆರರಿಂದ ಏಳಕ್ಕೆ, ಏಳರಿಂದ ಏಳೂವರೆಗೆ ಜಾರಿತು.

ಡೈರಿಯಿಂದ ಬಂದ ಸುನೀಲ್ ಅಂಗಿ ಬಿಚ್ಚುತ್ತಾ ಪರದೆ ನೋಡಿದ. ಆಮೇಲೆ ಗೋಡೆ ನೋಡಿದ. ಆ ಗೋಡೆಯ ಆಚೆಗೇ ಹುಳದ ಮನೆ. ಮೇಲ್ಗಡೆ ಎರಡಕ್ಕೂ ನಡುವೆ ಒಂದು ಸಣ್ಣ ಗವಾಕ್ಷಿ; ಊಜಿ ನೊಣ ನುಗ್ಗಿ ಹುಳದ ಮೈಮೇಲೆ ಮೊಟ್ಟೆ ಇಡದಿರಲೆಂದು ಅದಕ್ಕೆ ನೈಲಾನ್ ಬಲೆ ಬಡಿದಿತ್ತು.

"ಪವಿ, ಈ ಊರಲ್ಲಿ ಅತಿ ತಂಪಾದ ಜಾಗ ಯಾವುದು ಹೇಳು."

"ನಿಮ್ಮ ಡೈರಿ."

"ಅದು ಬಿಡು. ಮನೇಲಿ."

ಅವಳು ಅವನ ಕಣ್ಣು ಹೋದ ಕಡೆ ನೋಡಿ ತಲೆಯಲ್ಲಾಡಿಸಿದಳು. "ಬೇಡ ಕಣ್ರೀ. ಅತ್ತೆ ನನ್ನ ತವರಿಗೆ ಕಳಿಸ್ತಾರೆ."

ಹುಳದ ಮನೆಯ ಗೋಡೆಗಳಿಗೆಲ್ಲ ಗೋಣಿತಾಟು ಇಳಿಬಿಟ್ಟು, ಹೊತ್ತುಹೊತ್ತಿಗೆ ನೀರು ಚಿಮುಕಿಸುತ್ತಿದ್ದರು. ಹೊರಗೆ ಮೈ ಸುಡುವಾಗಲೂ ಅಲ್ಲಿ ಹೊಂಗೆಮರದ ಕೆಳಗೆ ಕೂತಷ್ಟು ತಂಪು. ಆ ಗಾಳಿಯನ್ನು ನಾಲ್ಕಿಂಚಿನ ಪೈಪಿನಲ್ಲಿ ಎಳೆದು ಕೂಲರಿನ ಬಾಯಿಗೇ ಬಿಟ್ಟರೆ? ಸುನೀಲ್‌ಗೆ ಹಾಲು ತಂಪು ಮಾಡಿ ಮಾಡಿ ಇಂಥವೆಲ್ಲ ಬೇಗ ಹೊಳೆಯುತ್ತಿದ್ದವು. ಬೋರಿನ ಕೆಲಸದಲ್ಲಿ ಉಳಿದ ಪೈಪಿತ್ತು, ಅಡಿಗೆಮನೆಯದೊಂದು ಎಕ್ಸಾಸ್ಟ್ ಫ್ಯಾನಿತ್ತು. ಉಳಿದದ್ದು ಅಮ್ಮನ ಒಪ್ಪಿಗೆ ಒಂದೇ.

ಅಮ್ಮಾಜಮ್ಮ ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಬಿಚ್ಚುತ್ತಿದ್ದರು. ಕೇಳಿದ್ದೇ ಕತ್ತಿ ಕೆಳಗಿಟ್ಟರು.

"ಏಮ್ರಾ, ಬಲೆ ಕುಯ್ತೀಯಾ? ನನ್ನ ಹುಳ ನಾಲ್ಕನೇ ಜ್ವರಕ್ಕೆ ಕೂರೋ ಹೊತ್ತಲ್ಲಿ?"

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತದೆ. ಆಗ ಅದು ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿ ಹಾಗೇ ಕೂತಿರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ.

"ಪೈಪಿನ ಬಾಯಿಗೂ ಅದೇ ಬಲೆ ಕಟ್ತೀನಮ್ಮ. ನೊಣ ಅಲ್ಲ, ಅದರ ಅಪ್ಪನೂ ಬರಲ್ಲ."

"ಬಿಸಿಗಾಳಿ ಇತ್ಲಾಗೆ ಬಂದ್ರೆ?"

"ಬರೋದಿಲ್ಲಮ್ಮ, ಇಲ್ಲಿಂದ ಎಳ್ಕೊಳ್ಳುತ್ತೆ. ನಿನಗೂ ಒಳ್ಳೇದೇ, ಒಳಗಿನ ಮುಗ್ಗು ಗಾಳಿ ಹೋಗುತ್ತೆ."

ಅಮ್ಮಾಜಮ್ಮ ಮಗನನ್ನಲ್ಲ, ಬಾಗಿಲಿಗೆ ಒರಗಿ ನಿಂತ ಸೊಸೆಯನ್ನು ನೋಡಿದರು. "ಯಾತಕ್ಕಮ್ಮ ಇಷ್ಟು ಪರದಾಟ? ಒಂದು ದಿನ ತಡ ಆದ್ರೆ ಅವನೇನು ತಲೆ ತೆಗೀತಾನಾ?"

"ತಲೆ ತೆಗೆಯಲ್ಲ ಅತ್ತೆ. ನಾಳೆಯಿಂದ ಮತ್ತೆ ಮೊದಲ ಬಸ್ಸು. ಅಷ್ಟೇ."

ಅಂಗಳದ ಮೂಲೆಯಲ್ಲಿ ಶಿರೀಷಾ ಸೊಪ್ಪಿನ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ ಬೀಳಿಸುತ್ತಿದ್ದಳು. ಅಮ್ಮಾಜಮ್ಮ ಅತ್ತ ಒಮ್ಮೆ ನೋಡಿ ಮತ್ತೆ ಕಂತೆಗೆ ಕೈ ಹಾಕಿದರು. "ಮಾಡ್ಕೊಳ್ಳಿ. ನನ್ನ ಹುಳಕ್ಕೇನಾದ್ರೂ ಆದ್ರೆ ಆ ಪೈಪು ನಿಮ್ಮಿಬ್ಬರ ತಲೆ ಮೇಲೆ ಇರುತ್ತೆ."

ಪೈಪು ಕೂತು ಫ್ಯಾನು ತಿರುಗಿದ ಮೇಲೆ ಪವಿತ್ರ ಅಂಕಿಯನ್ನೇ ನೋಡುತ್ತಾ ಕೂತಳು. ತೊಂಬತ್ತಾರಿದ್ದದ್ದು ಎಂಬತ್ತೊಂಬತ್ತಾಯಿತು. ಎಂಬತ್ತೆರಡು. ಎಪ್ಪತ್ತೇಳು. ಎಪ್ಪತ್ನಾಲ್ಕಕ್ಕೆ ಬಂದು ಅಲ್ಲಿ ಕಲ್ಲಿನಂತೆ ನಿಂತಿತು. ಪೈಪಿನ ಬಾಯಿಗೆ ಕೈಯೊಡ್ಡಿದರೆ ಹಸಿ ಗೋಣಿಯ, ಎಳೆಸೊಪ್ಪಿನ ವಾಸನೆಯ ತಂಪು. ಮುಗಿಯುವ ಹೊತ್ತು ಮತ್ತೆ ಆರರ ಒಳಗೆ ಬಂದಿತ್ತು. ಸುನೀಲ್ ಒಂದು ಸಲ ಮೀಸೆ ತಿರುವಿದ. ಅವಳು ನಿನ್ನೆಯಿಂದ ಮೊದಲ ಬಾರಿ ನಕ್ಕಳು. ಆರಿದ ಇಡ್ಲಿಯನ್ನು ಚಟ್ನಿಯಿಲ್ಲದೆ ತಿಂದಳು.

ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು.

ಊಟದ ಹೊತ್ತಿಗೆ ಭಾನುಪ್ರಕಾಶ್ ಫೋನ್ ಮಾಡಿದ. "ಹೇಗೆ ನಡೀತಿದೆ ಪವಿತ್ರ?"

"ಚೆನ್ನಾಗಿ ಓಡ್ತಿದೆ ಸರ್. ಆರಕ್ಕೆ ಕಳಿಸ್ತೀನಿ."

"ಐದಕ್ಕೆ ಆಗಲ್ವಾ? ಬಿಲ್ಡರ್ ಕಡೆಯವ್ರು ಇವತ್ತೇ ಒಂದ್ಸಲ ನೋಡಣ ಅಂತಿದ್ದಾರೆ. ಆರು ಅಂದ್ರೆ ಆರು, ನಾನು ಮಾತು ಬದಲಾಯಿಸ್ತಿಲ್ಲ. ಆದ್ರೆ ಐದಕ್ಕೆ ಬಂತು ಅಂದ್ಕೊಳ್ಳಿ, ನಾಳೆ ನಾನು ಮೇಲಿನವ್ರ ಹತ್ರ ಜೋರಾಗಿ ಮಾತಾಡ್ಬೋದು."

"ನೋಡ್ತೀನಿ ಸರ್."

ನೋಡಿದಳು. ಎಪ್ಪತ್ನಾಲ್ಕು. ತೊಂಬತ್ತೈದಕ್ಕೆ ಇನ್ನೂ ಎಷ್ಟೊಂದು ಜಾಗವಿದೆ. ಇಷ್ಟು ತಂಪನ್ನು ಸುಮ್ಮನೆ ಬಿಡುವುದೇ? ಎರಡು ದಿನದಿಂದ ನಿದ್ದೆಗೆಟ್ಟ ತಲೆಗೆ ಆ ಲೆಕ್ಕ ಬಹಳ ಸರಿಯಾಗಿ ಕಂಡಿತು. ವೇಗವನ್ನು ಇನ್ನೊಂದು ಮೆಟ್ಟಿಲು ಏರಿಸಿದಳು, ಅದು ತಾಳಲೆಂದು ವೋಲ್ಟೇಜನ್ನೂ ಕೊಂಚ ಏರಿಸಿದಳು. ಬಿಸಿ ಎಂಬತ್ತೊಂದಕ್ಕೆ ಹೋಗಿ ನಿಂತಿತು. ಐದೂಕಾಲು ಎಂದು ತೋರಿಸಿತು ಸಾಲು. ಇನ್ನರ್ಧ ಮೆಟ್ಟಿಲು ಏರಿಸಲೇ ಎಂದು ಅವಳು ಯೋಚಿಸುತ್ತಿದ್ದಾಗಲೇ ಹೊಸ್ತಿಲಲ್ಲಿ ಅಮ್ಮಾಜಮ್ಮ ಕಾಣಿಸಿಕೊಂಡರು. ಬಿಳಿ ಬಟ್ಟೆಯ ಗಂಟೊಂದು ಕೈಯಲ್ಲಿ.

"ಈ ಸೆಖೆಗೆ ಹುಳ ಬೇಗ ಕೂತ್ಬಿಟ್ವು ಕಣಮ್ಮ. ನಾಳೆ ಕೂರ್ತವೆ ಅಂದ್ಕೊಂಡಿದ್ದೆ. ಸುಣ್ಣ ಉದುರಿಸ್ಬೇಕು. ನಿನ್ನ ಪೈಪಿಗೇನೂ ಆಗಲ್ವಾ?"

ಹುಳು ಜ್ವರಕ್ಕೆ ಕೂತಾಗ ಅದರ ಕೆಳಗಿನ ಸೊಪ್ಪಿನ ಹಾಸು ಒಣಗಿರಬೇಕು. ಒದ್ದೆಯಾದ ಗೋಣಿ ತೆಗೆದು, ತೆಳು ಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ, ಹುಳದ ತಟ್ಟೆಗಳ ಮೇಲೆ ಹಗುರಾಗಿ ಕುಟ್ಟುತ್ತಾ ಹೋಗುತ್ತಾರೆ. ಮದುವೆಯಾಗಿ ಬಂದಾಗಿನಿಂದ ಪವಿತ್ರ ಇದನ್ನು ಎಷ್ಟು ಬೆಳೆಗೆ ನೋಡಿಲ್ಲ! ಮೊದಲೆರಡು ವರ್ಷ ತಾನೇ ಉದುರಿಸಿದ್ದಳು, ಹೊರಗೆ ಬರುವಾಗ ರೆಪ್ಪೆಯೆಲ್ಲ ಬೆಳ್ಳಗಾಗಿರುತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವಳ ಕಣ್ಣಮುಂದೆ ಇದ್ದದ್ದು ಐದೂಕಾಲು ಒಂದೇ.

"ಉದುರಿಸಿ ಅತ್ತೆ. ಬಲೆ ಕಟ್ಟಿದ್ದಾರಲ್ಲ," ಅಂದಳು.

ನೊಣಕ್ಕೆಂದು ಕಟ್ಟಿದ ಬಲೆ ಅದು.

ಮೊದಲು ಅಂಕಿ ಒಂದು ಏರಿತು. ಬಿಸಿಲಿಗಿರಬೇಕು ಅಂದುಕೊಂಡಳು. ಇನ್ನೆರಡು ಏರಿತು. ಗೋಣಿ ತೆಗೆದಿದ್ದಾರೆ, ಆಚೆಯ ಗಾಳಿ ಅಷ್ಟು ತಂಪಿಲ್ಲ, ಅದಕ್ಕೆ. ಎಂಬತ್ತಾರಾದಾಗ, ತಾನು ಏರಿಸಿದ ಮೆಟ್ಟಿಲು ಹೆಚ್ಚಾಯಿತೇನೋ ಎಂದು ಕೆಳಗಿಳಿಸಿದಳು. ಇಳಿಸಿದ ಮೇಲೂ ಅದು ಏರುತ್ತಲೇ ಇತ್ತು. ಎಂಬತ್ತೊಂಬತ್ತು. ತೊಂಬತ್ತೆರಡು. ಈ ವೇಗಕ್ಕೆ ಬೆಳಿಗ್ಗೆಯಿಂದ ಹೀಗೆ ಒಂದೇ ಸಮನೆ ಹತ್ತಿದ್ದಿಲ್ಲ. ಕೂಲರಿನ ಫ್ಯಾನಿನ ಸದ್ದೇ ಬೇರೆಯಾಗಿತ್ತು, ಮೂಗು ಕಟ್ಟಿದ ಮಗು ಉಸಿರಾಡುವಂತೆ.

ಪೈಪಿನ ಬಾಯಿಗೆ ಕೈಯೊಡ್ಡಿದಳು. ಗಾಳಿ ಬರುತ್ತಿತ್ತು. ಕೈ ತೆಗೆದು ನೋಡಿಕೊಂಡರೆ ಅಂಗೈ ಬೆಳ್ಳಗಿತ್ತು.

"ರೀ," ಎಂದು ಕರೆದಳು. ಇನ್ನೊಮ್ಮೆ ಕರೆದಳು.

ಸುನೀಲ್ ಓಡಿಬಂದವನೇ ಪೈಪಿನ ಫ್ಯಾನಿನ ಸ್ವಿಚ್ಚು ಆರಿಸಿದ. ಟಾರ್ಚು ಹಿಡಿದು ಒಳಗೆ ನೋಡಿದರು. ತಗಡುಗಳ ಆ ಗೋಪುರ ಸಂಕ್ರಾಂತಿಗೆ ಸುಣ್ಣ ಬಳಿದ ಗೋಡೆಯಂತಿತ್ತು. ಹಳೆಯ ಪೈಪಿನಿಂದ ಹಸಿ ಗಾಳಿಯ ಜೊತೆ ಬಂದ ಧೂಳಿನ ಮೇಲೆ ಸುಣ್ಣದ ಪುಡಿ ಕೂತು, ತಗಡು ತಗಡಿನ ನಡುವಿನ ಸಂದೆಲ್ಲ ಮೆತ್ತಿಹೋಗಿತ್ತು. ಗಾಳಿ ಆಡಲು ದಾರಿಯೇ ಇಲ್ಲ.

"ನಿಲ್ಲಿಸು," ಅಂದ ಸುನೀಲ್.

"ನಿಲ್ಲಿಸಿದ್ರೆ ಆರಕ್ಕೆ ಆಗಲ್ಲ."

"ತೊಂಬತ್ತೇಳಾಗಿದೆ ಪವಿ. ನೀನು ನಿಲ್ಲಿಸದಿದ್ರೆ ಅದೇ ನಿಲ್ಲುತ್ತೆ. ಪ್ರೊಸೆಸರ್ ಹೋದ್ರೆ?"

"ಸ್ವಲ್ಪ ಇರ್ರಿ. ಈ ಒಂದು ರೂಮು ಮುಗೀಲಿ. ಮುಗೀತಾ ಬಂತು."

ಇಬ್ಬರೂ ಪರದೆಯ ಮುಂದೆ ನಿಂತರು. ಪರದೆಯಲ್ಲಿ ಯಾರದೋ ವಿಲ್ಲಾದ ಮಲಗುವ ಕೋಣೆ ಸಾಲುಸಾಲಾಗಿ ಮೂಡುತ್ತಿತ್ತು. ಕಿಟಕಿಯ ಪರದೆ, ಹಾಸಿಗೆ, ಹಾಸಿಗೆಯ ಪಕ್ಕದ ದೀಪ. ತೊಂಬತ್ತೆಂಟು. ಅವಳ ಬೆರಳು ನಿಲ್ಲಿಸುವ ಕೀಲಿಯ ಮೇಲಿತ್ತು, ಒತ್ತಲಿಲ್ಲ. ದೀಪದ ಕೆಳಗಿನ ನೆರಳು ಬರಬೇಕಿತ್ತು. ಬಂತು. ಚಿತ್ರ ಉಳಿಯಿತು ಎಂದು ತೋರಿಸಿದ್ದೇ ತಡ, ಒತ್ತಿದಳು. ಎಲ್ಲ ಸದ್ದೂ ಒಮ್ಮೆಗೇ ನಿಂತು, ಅಂಗಳದಲ್ಲಿ ಶಿರೀಷಾ ತನಗೆ ತಾನೇ ಏನೋ ಕಥೆ ಹೇಳಿಕೊಳ್ಳುತ್ತಿದ್ದದ್ದು ಕೇಳಿಸಿತು.

ಕೂಲರು ಬಿಚ್ಚಿ ಹೊರಗೆ ತಂದರು. ಮುಟ್ಟಿದರೆ ಇನ್ನೂ ಸುಡುತ್ತಿತ್ತು. ನೀರಿನ ಕೊಳಾಯಿ ಕಡೆ ಹೊರಟ ಸುನೀಲ್‌ನನ್ನು ಅಮ್ಮಾಜಮ್ಮ ತಡೆದರು. ಅವರ ಸೆರಗು, ಕೂದಲು, ಹುಬ್ಬು ಎಲ್ಲ ಸುಣ್ಣ. "ಒಣಗಿರೋದನ್ನ ಒದ್ದೆ ಮಾಡಿ ಇನ್ನೂ ಮೆತ್ತುಸ್ತೀಯೇನೋ? ಮೊದ್ಲು ಉದುರ್ಸು." ಆಮೇಲೆ ಸೊಸೆಯ ಮುಖ ನೋಡಿ, "ನಾನು ಕೇಳ್ದೆ ಕಣಮ್ಮ ನಿನ್ನ. ಕೇಳೇ ಹಾಕಿದ್ದು," ಅಂದರು. ಸಿಟ್ಟಿರಲಿಲ್ಲ, ಭಯವಿತ್ತು.

"ಹೌದು ಅತ್ತೆ. ನಾನೇ ಹಾಕಿ ಅಂದಿದ್ದು."

ಕುಟ್ಟಿದರು, ಊದಿದರು. ಮೇಲಿನದು ಹೋಯಿತು, ಸಂದಿನದು ಹೋಗಲಿಲ್ಲ. ಹಲ್ಲುಜ್ಜುವ ಬ್ರಷ್ಷು ತಗಡಿನ ನಡುವೆ ಹೋಗದು. ಸೂಜಿ ಹಾಕಿದರೆ ತಗಡು ಬಾಗುತ್ತದೆ. ಸಣ್ಣದಾದ, ಮೆತ್ತಗಿನದು ಯಾವುದಾದರೂ ಬೇಕಿತ್ತು. ಹಠಾತ್ತನೆ ಅವಳಿಗೆ ನೆನಪಾಯಿತು.

"ಅತ್ತೆ, ಮರಿಹುಳ ಸರಿಸೋ ಗರಿ ಕೊಡ್ತೀರಾ?"

ಮೊಟ್ಟೆಯಿಂದ ಆಗಷ್ಟೇ ಬಂದ ಹುಳವನ್ನು ಬೆರಳಲ್ಲಿ ಮುಟ್ಟುವಂತಿಲ್ಲ. ಅದಕ್ಕೆ ಅಮ್ಮಾಜಮ್ಮ ಒಂದು ಕಟ್ಟು ಹಕ್ಕಿಗರಿ ಇಟ್ಟುಕೊಂಡಿದ್ದರು. ಇನ್ನೊಬ್ಬರ ಮನೆಗೆ ಕೊಟ್ಟವರಲ್ಲ, ಬಿಸಿಲಿಗೆ ಇಟ್ಟರೂ ಪಕ್ಕದಲ್ಲೇ ಕೂರುವವರು. ಈ ಸ್ಪಿರಿಟ್ಟಿನ ಸಾಮಾನು ಮುಟ್ಟಿದ ಗರಿ ಮತ್ತೆ ಹುಳದ ಮನೆಗೆ ಸೇರುವುದಿಲ್ಲ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಅವರು ಒಂದು ಗಳಿಗೆ ನಿಂತರು. ಒಳಗೆ ಹೋಗಿ ತಂದು, ಸೊಸೆಯ ಮಡಿಲಿಗೆ ಹಾಕಿದರು.

"ಎಲ್ಲಾನೂ ತಗೋ. ಒಂದೇ ಸಾಲಲ್ಲ."

ಅತ್ತೆ ಸೊಸೆ ಎದುರುಬದುರು ಕೂತು ಗರಿಯ ತುದಿಯಿಂದ ತಗಡಿನ ಒಂದೊಂದು ಸಂದನ್ನೂ ಬಿಡಿಸಿದರು. ಅಮ್ಮಾಜಮ್ಮನ ಕೈ ಮೇಲಿಂದ ಕೆಳಕ್ಕೆ ಹೋಗುತ್ತಿತ್ತು, ಹುಳವನ್ನೇ ಸರಿಸುವಷ್ಟು ನಯವಾಗಿ. ಪವಿತ್ರ ಅವಸರಪಟ್ಟಾಗ ಒಂದು ಗರಿ ಮುರಿಯಿತು. "ಮೆಲ್ಲಗೆ," ಅಂದರು ಅವರು, ತಲೆ ಎತ್ತದೆ. ಅಷ್ಟರಲ್ಲಿ ಸುನೀಲ್ ಕೈಕಾಲು ತೊಳೆದು ಹುಳದ ಮನೆಗೆ ಹೋಗಿ ಪೈಪು ಕಿತ್ತು, ಗವಾಕ್ಷಿಗೆ ಬಲೆ ಹೊಲಿದು ಬಂದ.

"ಒಂದೂ ನೊಣ ಇಲ್ಲಮ್ಮ. ಹಾಸೂ ಒಣಗಿದೆ. ಗಾಳಿ ಎಳೆದಿದ್ದು ಒಳ್ಳೇದೇ ಆಗಿದೆ."

"ಆಗಿರುತ್ತೆ, ಆಗಿರುತ್ತೆ. ನಿನ್ನ ಡೈರಿ ಬುದ್ಧಿ ಹಾಲಿಗೆ ಇಟ್ಕೋ."

ಟ್ಯೂಬಿನಲ್ಲಿ ಪೇಸ್ಟು ಕಡಲೆಕಾಳಿನಷ್ಟು ಉಳಿದಿತ್ತು. ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಪ್ರೊಸೆಸರಿನ ನಡುವೆ ಇಟ್ಟು, ಕೂಲರನ್ನು ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಒಂದೊಂದು ಸುತ್ತು ಬಿಗಿದಳು. ಗುಂಡಿ ಒತ್ತಿದಳು. ಪರದೆ ಕಪ್ಪಗೇ ಇತ್ತು. ಇನ್ನೂ ಕಪ್ಪಗೇ ಇತ್ತು. ಸುನೀಲ್ ಬಾಯಿ ತೆರೆಯುವಷ್ಟರಲ್ಲಿ ಬೆಳಕು ಬಂತು.

ಈಗ ಅವಳ ಮುಂದೆ ಎರಡು ದಾರಿ ಇದ್ದವು. ಪೈಪಿಲ್ಲದ ಈ ಕಾದ ಕೋಣೆಯಲ್ಲೇ ಮತ್ತೆ ವೇಗ ಏರಿಸಿ, ತೊಂಬತ್ತೈದರ ಅಂಚಿನಲ್ಲಿ ಓಡಿಸಿ, ಆರಕ್ಕೆ ಏನಾಗುತ್ತದೋ ನೋಡುವುದು. ನಡುವೆ ಒಂದು ಸಲ ಆರಿದರೂ ಇರುವ ಹೊತ್ತೆಲ್ಲ ಕೈತಪ್ಪುತ್ತದೆ. ಇಲ್ಲವೇ ಮಾಮೂಲಿ ವೇಗಕ್ಕೆ ಇಳಿಸುವುದು. ಆಗ ವಿಲ್ಲಾದ ಒಳಗಿನದೆಲ್ಲ ಆರಕ್ಕೆ ಬರುತ್ತದೆ, ಕೊನೆಯ ಟೆರೇಸ್ ತೋಟ ಬರುವುದಿಲ್ಲ. ಭಾನುಪ್ರಕಾಶ್ ಕೇಳಿದ್ದು ಪೂರ್ತಿ ವಿಡಿಯೋ.

"ಏರಿಸ್ತೀಯಾ?" ಸುನೀಲ್ ಕೇಳಿದ.

ಎರಡು ದಿನದಿಂದ ಏರಿಸುವುದೇ ಆಗಿತ್ತಲ್ಲ ಎಂದು ಅವಳಿಗೆ ಅನ್ನಿಸಿತು. ಮೊದಲು ಸಂಜೆ ಆರಕ್ಕೆ, ಆಮೇಲೆ ಐದಕ್ಕೆ. ನಾಳೆ ಮನೆಯಲ್ಲೇ ಕೂತರೂ ಆ ಮನುಷ್ಯ ಇನ್ನೊಂದು ಮೆಟ್ಟಿಲು ಕೇಳುತ್ತಾನೆ, ನಾನು ‘ನೋಡ್ತೀನಿ ಸರ್’ ಅನ್ನುತ್ತೇನೆ. ಆ ಕಂಪ್ಯೂಟರು ದಿನವೂ ಓಡಬೇಕು, ಒಂದು ದಿನ ಓಡಿ ಸುಟ್ಟುಹೋದರೆ ಏನು ಬಂತು? ಅವಳು ವೇಗವನ್ನು ಅದು ಹುಟ್ಟಿದಾಗ ಎಷ್ಟಿತ್ತೋ ಅಷ್ಟಕ್ಕೆ ಇಳಿಸಿದಳು. ಎಂಬತ್ತಮೂರು. ಅಲ್ಲಿಂದ ಅತ್ತ ಇತ್ತ ಅಲ್ಲಾಡಲಿಲ್ಲ.

ಐದಾಯಿತು, ಫೋನು ಗುಂಯ್‌ಗುಟ್ಟಿತು. ಅವಳು ಎತ್ತಲಿಲ್ಲ. ಐದೂವರೆಗೆ ಇನ್ನೊಮ್ಮೆ. ಮೆಟ್ಟಿಲು, ಅಡಿಗೆಮನೆ, ಪೂಜೆಕೋಣೆ ಒಂದೊಂದಾಗಿ ಬಂದು ಸೇರುತ್ತಿದ್ದವು. ಆದಷ್ಟನ್ನು ಕಟ್ಟಿ ಆರಕ್ಕೆ ಸರಿಯಾಗಿ ಕಳಿಸಿದಳು. ಟೆರೇಸ್ ಇಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಳು, ಮುಚ್ಚಿಡಲಿಲ್ಲ.

ಅವನು ಫೋನ್ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ಅಂಗಳಕ್ಕೆ ಬಂದು ಮಾತಾಡಿದಳು.

"ಟೆರೇಸ್ ಎಲ್ಲಿ ಪವಿತ್ರ?"

"ನಾಳೆ ಬೆಳಗ್ಗೆ ಎಂಟಕ್ಕೆ ಬರುತ್ತೆ ಸರ್."

"ಮಾತು ಇದ್ದಿದ್ದು ಪೂರ್ತಿ ಫೈಲು, ಆರಕ್ಕೆ."

"ಇತ್ತು ಸರ್. ಆಗ್ಲಿಲ್ಲ. ಐದಕ್ಕೆ ಕೊಡಣ ಅಂತ ಸ್ಪೀಡ್ ಜಾಸ್ತಿ ಮಾಡ್ದೆ, ನಾನೇ ಕೆಡಿಸ್ಕೊಂಡೆ. ಈಗ ಮಾಮೂಲಿ ಸ್ಪೀಡಲ್ಲಿ ಓಡ್ತಿದೆ. ಇನ್ಮೇಲೂ ಅಷ್ಟರಲ್ಲೇ ಓಡ್ಸೋದು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳ್ತೀನಿ, ಹೇಳಿದ್ ಹೊತ್ತಿಗೆ ಕೊಡ್ತೀನಿ."

"ಎಂಟಕ್ಕೆ ಹೆಂಗೆ ಕಳಿಸ್ತೀರಿ? ನೀವು ಆಫೀಸಿಗೆ ಬರೋದೇ ಒಂಬತ್ತೂವರೆಗೆ."

"ನಾಳೆ ಬರಲ್ಲ ಸರ್. ಮನೇಲಿರ್ತೀನಿ."

ಕಟ್ಟಾಯಿತೇನೋ ಎಂದು ಫೋನು ಕಿವಿಯಿಂದ ತೆಗೆದು ನೋಡಿದಳು. ಕಟ್ಟಾಗಿರಲಿಲ್ಲ.

"ಒಳಗಿನ ಶಾಟ್ಸ್ ಚೆನ್ನಾಗಿವೆ," ಅಂದ ಅವನು ಕೊನೆಗೆ, ಬೇಸರದಿಂದಲೇ. "ಪರ್ಮನೆಂಟ್ ಅಂತ ನಾನು ಹೇಳಲ್ಲ. ನಾಳೆ ಒಂದು ದಿನ. ಟೆರೇಸ್ ನೋಡಿ ಮಿಕ್ಕಿದ್ದು ಮಾತಾಡಣ. ಎಂಟು ಅಂದ್ರೆ ಎಂಟು."

"ಎಂಟು ಸರ್."

ಅಮ್ಮಾಜಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಜಗಲಿಯ ಮೇಲೆ ಕೂದಲು ಆರಿಸಿಕೊಳ್ಳುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರೂ ಕೇಳದವರಂತೆ, "ಏನಂತೆ?" ಅಂದರು.

"ನಾಳೆ ಇರ್ತೀನಿ ಅತ್ತೆ. ನಾಡಿದ್ದು ಗೊತ್ತಿಲ್ಲ."

"ಎಂಟರ ತನಕ ಆ ಡಬ್ಬದ ಮುಂದೇನಾ?"

"ಅದು ಅದರ ಪಾಡಿಗೆ ಓಡುತ್ತೆ. ಆಗಾಗ ನೋಡಿದ್ರೆ ಸಾಕು." ಸೊಪ್ಪು ಕುಯ್ಯಲು ಕರೆಯುತ್ತಾರೆ ಎಂದುಕೊಂಡು ಅವಳು ಮುಂಚೆಯೇ ಹೇಳಿದಳು, "ಸೊಪ್ಪಿಗೆ ಬೇಕಾದ್ರೆ ಎಂಟಾದ ಮೇಲೆ ಬರ್ತೀನಿ."

"ಸೊಪ್ಪಿಗೆ ನಿನ್ನ ಯಾರು ಕರೆದ್ರು? ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಯಾತಕ್ಕೆ?" ಅಮ್ಮಾಜಮ್ಮ ಕೂದಲು ಜಾಡಿಸಿ ಗಂಟು ಹಾಕಿಕೊಂಡರು. "ಬೆಳಗ್ಗೆ ಮಗೂಗೆ ಜಡೆ ಹಾಕಿ ಸ್ಕೂಲಿಗೆ ಬಿಟ್ಟು ಬಾ ಅನ್ನೋಕೆ ಕೇಳಿದ್ದು. ನಂಗೆ ಒಂದಿನ ಬಿಡುವಾಗ್ಲಿ."

ಶಿರೀಷಾ ಆಡಿ ದಣಿದು ಅಜ್ಜಿಯ ತೊಡೆಗೆ ಒರಗಿದ್ದಳು. ಪವಿತ್ರ ಅವಳ ಕೆದರಿದ ಕೂದಲಿಗೆ ಕೈ ಹಾಕಿ, ಅಂಟಿಕೊಂಡಿದ್ದ ಸೊಪ್ಪಿನ ಚೂರನ್ನು ತೆಗೆದಳು. ಆ ಶಾಲೆಯಲ್ಲಿ ಒಂದು ಜಡೆಯೋ ಎರಡು ಜಡೆಯೋ ಅವಳಿಗೆ ನೆನಪಾಗಲಿಲ್ಲ. ಅತ್ತೆಯನ್ನು ಕೇಳಲು ಬಾಯಿ ಬರಲಿಲ್ಲ. ಒಳಗೆ ಹೋಗಿ ಅಂಕಿ ನೋಡಿ ಬಂದಳು. ಕತ್ತಲಾಗುತ್ತಿದ್ದಂತೆ ಅದು ಎಂಬತ್ತಕ್ಕೆ ಇಳಿದಿತ್ತು. ಮತ್ತೆ ಬಂದು ಮಗಳ ಪಕ್ಕ ಕೂತು, ಅತ್ತೆಗೆ ಕೇಳಿಸದಷ್ಟು ಮೆಲ್ಲಗೆ, ಎಷ್ಟು ಜಡೆಯೆಂದು ಅವಳನ್ನೇ ಕೇಳಿದಳು.